ಲೇಬಲ್ ಬರೆಯುವವರಿಗೆ, ಹೊಲಿಗೆ ಬಿಚ್ಚುವವಳ ಪತ್ರ

ಚಳಿಗಾಲದ ಉಡುಪಿನ ಲೇಬಲ್ ಮೇಲೆ ಏನಿರಬೇಕು ಎಂದು ತೀರ್ಮಾನಿಸುವ ಎಲ್ಲರಿಗೂ. ಕಾನೂನು ಮಾಡುವವರಿಗೆ, ಅದನ್ನು ಜಾರಿಗೆ ತರುವವರಿಗೆ, ಬ್ರ್ಯಾಂಡ್‌ಗಳಲ್ಲಿ ಕೂತು ಬಟ್ಟೆ, ಗುಂಡಿ, ಅಂಚು ಆರಿಸುವವರಿಗೆ.

ಮಾನ್ಯರೇ,

ಯಾರೋ ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದು ನನ್ನ ಕಸುಬು. ಕೋಟಿನ ಜಿಪ್ ಕಿತ್ತುಬಂದರೆ, ಲೈನಿಂಗ್ ಹರಿದರೆ, ತೋಳು ಉದ್ದವಾದರೆ ಅದು ನನ್ನ ಮೇಜಿಗೆ ಬರುತ್ತದೆ. ಚಳಿ ಕಾಲಿಡುವ ಒಂದು ತಿಂಗಳು ಮುಂಚಿನಿಂದಲೇ ಜಾಕೆಟ್‌ಗಳ ರಾಶಿಯಲ್ಲಿ ನನ್ನ ಮೆಷಿನ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನೀವು ಬಟ್ಟೆಯನ್ನು ಹೊರಗಿನಿಂದ ನೋಡಿ ಒಪ್ಪಿಗೆ ಕೊಡುತ್ತೀರಿ. ನಾನು ನೋಡುವುದು ಒಳಗಿನಿಂದ. ಒಳಗೆ ಕಂಡದ್ದನ್ನು ನಿಮಗೆ ಹೇಳಬೇಕಾಗಿದೆ.

ಹೋದ ಚಳಿಗಾಲದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಜಾಕೆಟ್ ತಂದಳು. ಟೊಪ್ಪಿಗೆಯ ಅಂಚಿನುದ್ದಕ್ಕೂ ಕಂದು-ಬೂದು ತುಪ್ಪಳದ ಪಟ್ಟಿ. ಒಂದು ಕಡೆ ಗೇಣುದ್ದ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. "ಫಾಕ್ಸ್ ಫರ್ ಅಕ್ಕಾ, ಅಂಥ ಹುಷಾರೇನೂ ಬೇಡ, ಮೆಷಿನ್‌ನಲ್ಲೇ ಒಂದು ಸುತ್ತು ಹಾಕಿಬಿಡಿ" ಅಂದಳು. ಲೇಬಲ್ ನೋಡಿದೆ. ಹೊರಬಟ್ಟೆ ನೈಲಾನ್, ಒಳಗೆ ತುಂಬಿದ್ದು ಪಾಲಿಯೆಸ್ಟರ್, ಅಂಚು ಅಕ್ರಿಲಿಕ್. ಸರಿ, ಪಟ್ಟಿಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕೂರಿಸೋಣ ಎಂದು ಕೂತೆ. ನಾಲ್ಕು ಬೆರಳಷ್ಟು ಬಿಚ್ಚುವಷ್ಟರಲ್ಲಿ ಕೈ ನಿಂತಿತು. ಕೂದಲಿನ ಹಿಂದೆ ಹೆಣಿಗೆ ಬಟ್ಟೆ ಇರಬೇಕಾದ ಜಾಗದಲ್ಲಿ ಬಿಳಿಚಿಕೊಂಡ ತೆಳು ಚರ್ಮ ಇತ್ತು. ಮಡಿಸಿದರೆ ಒಣಗಿದ ಎಲೆಯ ಹಾಗೆ ಸಣ್ಣಗೆ ಸದ್ದು ಮಾಡುತ್ತಿತ್ತು. ಕಿರುಬೆರಳಗಲದ ತುಂಡುಗಳನ್ನು ಒಂದಕ್ಕೊಂದು ಆನಿಸಿ, ಕಣ್ಣಿಗೆ ಕಾಣದಷ್ಟು ಸಪೂರ ದಾರದಲ್ಲಿ ಹೊಲಿದಿದ್ದರು. ಒಂದೇ ಪಟ್ಟಿಯಲ್ಲಿ ಹನ್ನೊಂದು ತುಂಡು ಎಣಿಸಿದೆ. ಅಷ್ಟೂ ಒಂದೇ ಪ್ರಾಣಿಯದೋ, ಹಲವು ಪ್ರಾಣಿಗಳದೋ ಹೇಳುವಂತಿರಲಿಲ್ಲ.

ಹುಡುಗಿ ವಾಪಸ್ ಬಂದಾಗ ತೋರಿಸಿದೆ. ಪ್ರಾಣಿಯದ್ದು ಬೇಡ ಅಂತಲೇ ಎರಡು ದಿನ ಹುಡುಕಿ ಕೊಂಡಿದ್ದಳಂತೆ. ಚರ್ಮವನ್ನು ಬೆರಳ ತುದಿಯಿಂದ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. "ಯಾವ ಪ್ರಾಣಿಯದಕ್ಕಾ ಇದು?" ಎಂದಳು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಇರಬೇಕಾಗಿದ್ದದ್ದು ನಿಮ್ಮ ಲೇಬಲ್‌ನಲ್ಲಿ.

ಇಲ್ಲೊಂದು ಅಡ್ಡಮಾತು. ಹುಡುಗಿ ಹೇಳಿದ 'ಫಾಕ್ಸ್ ಫರ್' ಎಂದರೆ ಕೃತಕ ತುಪ್ಪಳ, ಅದರ ಮೊದಲ ಪದ faux. ಫ್ರೆಂಚ್‌ನಲ್ಲಿ 'ಸುಳ್ಳು' ಎಂಬರ್ಥದ ಆ ಪದವನ್ನು 'ಫೋ' ಎಂದು ಉಚ್ಚರಿಸುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿ ಓದುವ ನಮ್ಮಂಥವರ ಬಾಯಲ್ಲಿ ಅದು 'ಫಾಕ್ಸ್' ಆಯಿತು. ಹಾಗಾಗಿ ಕನ್ನಡದಲ್ಲಿ ಬರೆದಾಗ ಕೃತಕವೂ ಫಾಕ್ಸ್ ಫರ್, ನರಿಯ ಚರ್ಮವೂ ಫಾಕ್ಸ್ ಫರ್! ನಮ್ಮ ಲಿಪಿಯಲ್ಲಿ ಆಗಿರುವುದು ತಮಾಷೆ, ಆ ಜಾಕೆಟ್ಟಿನ ಲೇಬಲ್‌ನಲ್ಲಿ ಆಗಿದ್ದು ಮೋಸ. ಗೊಂದಲವೇ ಬೇಡವೆಂದು ಈ ಪತ್ರದಲ್ಲಿ ಕೃತಕ ತುಪ್ಪಳ ಅಂತಲೇ ಬರೆಯುತ್ತೇನೆ.

ಇದು ನನ್ನೊಬ್ಬಳ ಮೇಜಿನ ಕತೆಯಾಗಿದ್ದರೆ ಸುಮ್ಮನಿರುತ್ತಿದ್ದೆ. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ನಿಜವಾದ ತುಪ್ಪಳವನ್ನು ಕೃತಕ ಎಂದು ಮಾರಿದ ಮೂರು ಮಾರಾಟ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಿತು. 2017ರಲ್ಲಿ ಬ್ರಿಟನ್ನಿನಲ್ಲೂ ಇಂಥವೇ ಪ್ರಕರಣಗಳು ಬಯಲಿಗೆ ಬಂದವು. ಮೊದಲ ಸಲ ಕೇಳಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಹಿತ್ತಾಳೆಗೆ ಚಿನ್ನದ ನೀರು ಕುಡಿಸುವವರನ್ನು ಕಂಡಿದ್ದೇವೆ, ಚಿನ್ನಕ್ಕೆ ಹಿತ್ತಾಳೆ ಬಳಿಯುವವರು ಇರುತ್ತಾರೆಯೇ? ಇರುತ್ತಾರೆ, ಯಾಕೆಂದರೆ ಆ ಚಿನ್ನ ಈಗ ಚಿನ್ನವಾಗಿ ಉಳಿದಿಲ್ಲ. ಪಂಜರದಲ್ಲಿ ರಾಶಿಗಟ್ಟಲೆ ಬೆಳೆಸಿದ ಪ್ರಾಣಿಯ ಚರ್ಮದ ಚೂರುಪಾರು, ಬಾಲ, ಅಂಚುಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ಒತ್ತಾಗಿ, ಎರಡು ಪದರದ ಕೂದಲು ಇರುವ ಒಳ್ಳೆಯ ಕೃತಕ ತುಪ್ಪಳ ಮಾಡಲು ಖರ್ಚಿದೆ. ಕೊಳ್ಳುವವರಿಗೆ ಕೃತಕ ಬೇಕು, ಮಾರುವವರ ಕೈಯಲ್ಲಿ ಚರ್ಮ ಇದೆ. ಮಿಕ್ಕಿದ್ದನ್ನು ಲೇಬಲ್ ನೋಡಿಕೊಳ್ಳುತ್ತದೆ.

ಗೊತ್ತುಮಾಡುವುದು ಹೇಗೆ ಎಂದು ಆ ಹುಡುಗಿ ಕೇಳಿದಳು. ತಿಳಿದಷ್ಟು ಹೇಳಿಕೊಟ್ಟೆ. ಕೂದಲನ್ನು ಬೈತಲೆ ತೆಗೆಯುವ ಹಾಗೆ ಎರಡು ಕಡೆ ಸರಿಸಿ ಬುಡ ನೋಡಬೇಕು. ಕೃತಕವಾದರೆ ಬುಡದಲ್ಲಿ ಹೆಣಿಗೆಯ ಕುಣಿಕೆಗಳ ಸಾಲು ಕಾಣುತ್ತದೆ, ಅಸಲಿಯಾದರೆ ಚರ್ಮ. ಗುಂಡುಸೂಜಿ ಚುಚ್ಚಿದರೆ ಬಟ್ಟೆಯಲ್ಲಿ ಸಲೀಸಾಗಿ ಇಳಿಯುತ್ತದೆ, ಚರ್ಮ ತಡೆಯುತ್ತದೆ. ತುದಿ ನೋಡುವುದೂ ಒಂದು ಗುರುತು. ಪ್ರಾಣಿಯ ಕೂದಲು ತುದಿಗೆ ಹೋಗುತ್ತಾ ಸಪೂರವಾಗುತ್ತದೆ, ಕೃತಕದ ತುದಿ ಸಾಮಾನ್ಯವಾಗಿ ಕತ್ತರಿಸಿದಂತೆ ಮೊಂಡು. ಆದರೆ ಇದನ್ನೊಂದನ್ನೇ ನಂಬಬೇಡಿ, ಅಸಲಿಯನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿರುತ್ತಾರೆ. ಕೊನೆಯ ಪರೀಕ್ಷೆ ಬೆಂಕಿಯದು. ನಾಲ್ಕು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಬಟ್ಟೆಯಿಂದ ದೂರ ಹೋಗಿ ಸುಟ್ಟರೆ ಅಸಲಿ ತಲೆಗೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಎಲ್ಲ ಕೇಳಿಸಿಕೊಂಡ ಹುಡುಗಿ, "ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರಕ್ಕಾಗತ್ತಾ ಅಕ್ಕಾ?" ಅಂದಳು. ಆ ಪ್ರಶ್ನೆಯನ್ನು ಹಾಗೇ ನಿಮಗೆ ದಾಟಿಸುತ್ತಿದ್ದೇನೆ.

ಕಾನೂನುಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 1951ರಿಂದಲೇ ತುಪ್ಪಳದ ಲೇಬಲ್ ಕಾಯ್ದೆ ಇದೆ. ಪ್ರಾಣಿಯ ಹೆಸರು, ದೇಶ, ಬಣ್ಣ ಹಾಕಿದೆಯೇ ಎಂಬುದೆಲ್ಲ ಬರೆಯಬೇಕು. ಆದರೆ ಅದರಲ್ಲೊಂದು ಕಿಂಡಿ ಇತ್ತು. ತುಪ್ಪಳದ ಭಾಗದ ಬೆಲೆ 150 ಡಾಲರ್ ಒಳಗಿದ್ದರೆ ಏನೂ ಬರೆಯದೆ ಬಿಡಬಹುದಾಗಿತ್ತು. ಕಾಲರಿನ ಪಟ್ಟಿ, ಟೊಪ್ಪಿಗೆಯ ಅಂಚು, ಕೈಗವಸಿನ ಸುತ್ತ ಇರುವ ಗೊಂಡೆ ಎಲ್ಲವೂ ಆ ಕಿಂಡಿಯಲ್ಲೇ ನುಸುಳಿದವು. ಅದನ್ನು ಮುಚ್ಚಿದ್ದು 2010ರ ತಿದ್ದುಪಡಿ.

ಯುರೋಪ್ ಒಕ್ಕೂಟದ್ದು ಇನ್ನೊಂದು ಬಗೆ. 2011ರ ಜವಳಿ ಲೇಬಲ್ ನಿಯಮದ ಪ್ರಕಾರ ಬಟ್ಟೆಯಲ್ಲಿ ತುಪ್ಪಳ ಇದ್ದರೆ 'ಪ್ರಾಣಿಮೂಲದ, ಜವಳಿಯಲ್ಲದ ಭಾಗಗಳಿವೆ' ಎಂದು ಬರೆದರೆ ಸಾಕು. ಈ ವಾಕ್ಯವನ್ನು ನಾನು ಹಲವು ಸಲ ಓದಿದ್ದೇನೆ. ಕೊಂಬಿನ ಗುಂಡಿಗೂ ಇದೇ ಮಾತು, ಮೊಣಕೈಗೆ ಹಾಕಿದ ಚರ್ಮದ ತೇಪೆಗೂ ಇದೇ, ಒಳಗೆ ತುಂಬಿದ ಗರಿಗೂ ಇದೇ, ನರಿಯ ಚರ್ಮಕ್ಕೂ ಇದೇ. ಸುಳ್ಳು ಒಂದಕ್ಷರವೂ ಇಲ್ಲ, ಆದರೆ ತಿಳಿಯುವುದೂ ಒಂದಕ್ಷರವಿಲ್ಲ. ಇಷ್ಟು ಜಾಣ ವಾಕ್ಯ ಬರೆದವರು ಯಾರೋ, ಅವರ ಕೈಗೆ ಒಂದು ಸಲ ನನ್ನ ಹೊಲಿಗೆ ಬಿಚ್ಚುವ ಮುಳ್ಳು ಕೊಟ್ಟು ಕೂರಿಸಬೇಕು ಅನ್ನಿಸುತ್ತದೆ.

ಹೆಸರಿನ ಆಟವೂ ಇದೆ. ರಕೂನ್ ನಾಯಿ ಎಂಬ ಪ್ರಾಣಿ ನಾಯಿ, ನರಿಗಳ ಬಳಗದ್ದು. ಮುಖದ ಮೇಲಿನ ಕಪ್ಪು ಪಟ್ಟೆ ನೋಡಿದರೆ ಅಮೆರಿಕದ ರಕೂನ್ ನೆನಪಾಗುತ್ತದೆ, ಅಷ್ಟೇ ಸಂಬಂಧ. ಅಮೆರಿಕದ ಅಧಿಕೃತ ತುಪ್ಪಳ ಹೆಸರುಪಟ್ಟಿಯಲ್ಲಿ ಅದು 'ಏಷಿಯಾಟಿಕ್ ರಕೂನ್'. ಫಿನ್ಲೆಂಡಿನ ವ್ಯಾಪಾರದಲ್ಲಿ 'ಫಿನ್‌ರಕೂನ್'. ನಾಯಿ ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ನಾಯಿ, ಬೆಕ್ಕಿನ ತುಪ್ಪಳವನ್ನು ಅಮೆರಿಕ 2000ದಲ್ಲಿ, ಯುರೋಪ್ ಒಕ್ಕೂಟ 2007ರ ನಿಯಮದಲ್ಲಿ ನಿಷೇಧಿಸಿದವು. ಮನೆಯಲ್ಲಿ ಬಾಲ ಅಲ್ಲಾಡಿಸುವ ಪ್ರಾಣಿಗೆ ಒಂದು ನ್ಯಾಯ, ಅದರ ದಾಯಾದಿಗೆ ಇನ್ನೊಂದು. ಇದರ ಮೇಲೆ ಹೆಚ್ಚು ಬರೆಯಲಾರೆ, ಬರೆದರೆ ಕೋಪ ಬರುತ್ತದೆ.

ಪ್ರಾಣಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕೋಟಿನ ಲೋಕದಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು ಮಿಂಕ್. ಮುಂಗುಸಿಯಂಥ ಉದ್ದ ಮೈ, ನೀರುನಾಯಿಯ ಕುಟುಂಬ. ಒಂಟಿಯಾಗಿ ಓಡಾಡುವ, ನದಿ ದಂಡೆಯಲ್ಲಿ ಬೇಟೆಯಾಡುವ, ಈಜುವ ಪ್ರಾಣಿ. ಸಾಕಾಣಿಕೆ ಕೇಂದ್ರಗಳಲ್ಲಿ ಅದು ಹುಟ್ಟುವುದು ವಸಂತದಲ್ಲಿ, ಸಾಯುವುದು ತುಪ್ಪಳ ದಟ್ಟವಾಗಿ ಬರುವ ನವೆಂಬರ್-ಡಿಸೆಂಬರ್‌ನಲ್ಲಿ. ಬದುಕಿದ್ದು ಆರೇಳು ತಿಂಗಳು. ಕೊಲ್ಲುವುದು ಸಾಮಾನ್ಯವಾಗಿ ಅನಿಲದ ಪೆಟ್ಟಿಗೆಯಲ್ಲಿ. ನರಿಗಳಿಗೆ ವಿದ್ಯುತ್. ಚರ್ಮಕ್ಕೆ ಕಲೆಯಾಗಬಾರದು, ಎಲ್ಲ ವಿಧಾನಗಳೂ ಆ ಒಂದು ಕಾರಣಕ್ಕೆ ಹುಟ್ಟಿದವು.

ಕೌನ್ಸಿಲ್ ಆಫ್ ಯುರೋಪ್ 1999ರಲ್ಲಿ ತುಪ್ಪಳದ ಪ್ರಾಣಿಗಳ ಬಗ್ಗೆ ಮಾಡಿದ ಶಿಫಾರಸಿನಲ್ಲಿ ಮಿಂಕ್‌ನ ಪಂಜರಕ್ಕೆ ಕನಿಷ್ಠ 2550 ಚದರ ಸೆಂಟಿಮೀಟರ್ ನೆಲ, 45 ಸೆಂಟಿಮೀಟರ್ ಎತ್ತರ ಎಂದಿದೆ. ಅಂಕಿ ಓದಿದರೆ ನನಗೆ ಏನೂ ಹೊಳೆಯುವುದಿಲ್ಲ, ಗೀಚಿದರೆ ತಿಳಿಯುತ್ತದೆ. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ 85 ಉದ್ದ, 30 ಅಗಲದ ಒಂದು ಚೌಕಟ್ಟು ಬರೆದೆ. ಸರಿಯಾಗಿ 2550. ಪಕ್ಕದಲ್ಲಿ ಬಿದ್ದಿದ್ದ ಕೋಟಿನ ಎರಡು ತೋಳುಗಳನ್ನು ಅದರೊಳಗೆ ಪಕ್ಕಪಕ್ಕ ಚಾಚಿಟ್ಟೆ. ಗೆರೆ ದಾಟಿ ಹೊರಗೆ ಬಂದವು. ಇದು ಶಿಫಾರಸು ಹೇಳುವ ಕನಿಷ್ಠ ಅಳತೆ, ಅಂದರೆ ನಿಯಮ ಪಾಲಿಸುವವರ ಪಂಜರ.

ಪಂಜರದಲ್ಲೇ ಹುಟ್ಟಿದ್ದಕ್ಕೆ ನದಿಯ ನೆನಪೇನು ಇದ್ದೀತು, ಅದಕ್ಕೆ ಅಭ್ಯಾಸವಾಗಿರುತ್ತದೆ ಎಂದು ಹೇಳುವವರಿದ್ದಾರೆ. ಈ ಮಾತಿಗೆ ಉತ್ತರ 2001ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು ಸಾಕಿದ ಮಿಂಕ್‌ಗಳಿಗೆ ಹಲವು ಬಾಗಿಲು ಇಟ್ಟರು. ಒಂದರ ಹಿಂದೆ ಆಟದ ವಸ್ತು, ಒಂದರ ಹಿಂದೆ ಸುರಂಗ, ಒಂದರ ಹಿಂದೆ ಬೇರೆ ಗೂಡು, ಇನ್ನೊಂದರ ಹಿಂದೆ ನೀರಿನ ಕೊಳ. ಬಾಗಿಲುಗಳ ಮೇಲೆ ತೂಕ ಹೇರುತ್ತಾ ಹೋದರು. ಅತಿ ಹೆಚ್ಚು ಭಾರವನ್ನು ಮಿಂಕ್‌ಗಳು ತಳ್ಳಿದ್ದು ನೀರಿಗಾಗಿ. ಒಂದು ದಿನ ಆ ಬಾಗಿಲು ಮುಚ್ಚಿಟ್ಟಾಗ ಅವುಗಳ ಮೈಯಲ್ಲಿ ಏರಿದ ಒತ್ತಡದ ಹಾರ್ಮೋನು, ಆಹಾರ ತಡೆದಾಗ ಏರುವಷ್ಟೇ ಇತ್ತು. ಕೊಳ ಬೇಕೆಂದು ಅವುಗಳಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ.

ಉದ್ದನೆಯ ಮಿಂಕ್ ಕೋಟಿಗೆ ಇಂಥವು ನಲವತ್ತರಿಂದ ಅರವತ್ತು ಬೇಕು. ಇಲಿಯ ಬಳಗದ ಪುಟ್ಟ ಪ್ರಾಣಿ ಚಿಂಚಿಲ್ಲಾ ಆದರೆ ನೂರಕ್ಕೂ ಹೆಚ್ಚು. ಕರಾಕುಲ್ ಕುರಿಯದ್ದಾದರೆ ಹುಟ್ಟಿದ ಕೆಲವೇ ದಿನದ ಮರಿ, ಯಾಕೆಂದರೆ ಆಮೇಲೆ ಉಣ್ಣೆಯ ಗುಂಗುರು ಬಿಚ್ಚಿಕೊಳ್ಳುತ್ತದೆ.

2020ರ ನವೆಂಬರ್ 4ರಂದು ಡೆನ್ಮಾರ್ಕಿನ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ದೇಶದ ಎಲ್ಲ ಮಿಂಕ್‌ಗಳನ್ನೂ ಕೊಲ್ಲಬೇಕೆಂದು ಘೋಷಿಸಿದ್ದು ನಿಮಗೆ ನೆನಪಿರಬೇಕು. ಕೊರೊನಾ ವೈರಸ್ ಮನುಷ್ಯರಿಂದ ಮಿಂಕ್‌ಗೆ ಹೋಗಿ, ಬದಲಾಗಿ, ಮತ್ತೆ ಮನುಷ್ಯರಿಗೆ ಬಂದಿತ್ತು. ಒಂದೂವರೆ ಕೋಟಿಗೂ ಹೆಚ್ಚು ಪ್ರಾಣಿಗಳು. ಆರೋಗ್ಯವಾಗಿದ್ದ ಪ್ರಾಣಿಗಳನ್ನೂ ಕೊಲ್ಲಿಸಲು ಕಾನೂನಿನ ಆಧಾರವೇ ಇರಲಿಲ್ಲವೆಂದು ಆಮೇಲೆ ತಿಳಿದು ಕೃಷಿ ಸಚಿವರು ರಾಜೀನಾಮೆ ಕೊಟ್ಟರು. ಅವಸರದಲ್ಲಿ ಹೂತ ದೇಹಗಳು ಕೊಳೆತು, ಒಳಗಿನ ಅನಿಲದ ಒತ್ತಡಕ್ಕೆ ಮಣ್ಣು ಸೀಳಿ ಮೇಲೆ ಬಂದವು. ಆ ಚಿತ್ರ ನೋಡಿದ ದಿನ ನಾನು ಒಂದು ಕೋಟಿನ ಕಾಲರ್ ಕೂರಿಸುತ್ತಿದ್ದೆ. ಒಂದು ಕಸುಬಿನಲ್ಲಿ ಎಷ್ಟು ಜೀವಗಳು ಎಷ್ಟು ಒತ್ತೊತ್ತಾಗಿ ಇದ್ದವು ಎಂಬುದು ಲೆಕ್ಕಕ್ಕೆ ಸಿಕ್ಕಿದ್ದು ಅವು ಸರಕಾಗಿ ಉಳಿಯದೆ ರೋಗವಾದಾಗ. ಮಿಂಕ್ ಸಾಕುವುದನ್ನು 2024ಕ್ಕೆ ನಿಲ್ಲಿಸುವುದಾಗಿ ಮೊದಲೇ ಕಾಯ್ದೆ ಮಾಡಿಕೊಂಡಿದ್ದ ನೆದರ್ಲೆಂಡ್ಸ್, ಇದೇ ಕಾರಣಕ್ಕೆ ಅವಧಿಯನ್ನು ಹಿಂದಕ್ಕೆಳೆದು ಬೇಗ ಮುಚ್ಚಿತು.

ಈಗ ನಿಮ್ಮಲ್ಲಿ ಕೆಲವರು ಎತ್ತುವ ಮೂರು ಆಕ್ಷೇಪಗಳಿಗೆ ಬರುತ್ತೇನೆ.

ಅಸಲಿ ತುಪ್ಪಳದಷ್ಟು ಬೆಚ್ಚಗೆ ಬೇರೇನೂ ಇಲ್ಲ ಎಂಬುದು ಒಂದು. ಅರ್ಧ ನಿಜ. ತುಪ್ಪಳ ಬೆಚ್ಚಗಿರುವುದು ಕೂದಲ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ. ಆರ್ಕ್ಟಿಕ್ ಪ್ರದೇಶದ ಇನ್ಯುಟ್ ಜನ ಪಾರ್ಕಾ ಎಂಬ ದಪ್ಪ ಕೋಟಿನ ಟೊಪ್ಪಿಗೆಗೆ ಹಾಕುವ ತುಪ್ಪಳದ ಸುತ್ತು ಮುಖದ ಮೇಲೆ ಬೀಸುವ ಗಾಳಿಯ ಹೊಡೆತವನ್ನು ನಿಜಕ್ಕೂ ತಗ್ಗಿಸುತ್ತದೆ, ಅದರ ಮೇಲೆ ಪ್ರಯೋಗಗಳೂ ಆಗಿವೆ. ಅವರ ಬದುಕಿನ ಬಗ್ಗೆ ನನ್ನ ತಕರಾರಿಲ್ಲ. ಸೀಲ್ ಉತ್ಪನ್ನಗಳನ್ನು 2009ರಲ್ಲಿ ನಿಷೇಧಿಸಿದ ಯುರೋಪ್ ಒಕ್ಕೂಟ ಕೂಡ ಇನ್ಯುಟ್ ಜನರ ಸಾಂಪ್ರದಾಯಿಕ ಬೇಟೆಗೆ ವಿನಾಯಿತಿ ಇಟ್ಟಿದೆ. ಆದರೆ ಒಂದು ಗಮನಿಸಿ. ಚಳಿ ತಡೆಯಲೆಂದೇ ಹೊಲಿದ ಹಳೆಯ ಉಡುಪುಗಳಲ್ಲಿ ತುಪ್ಪಳ ಒಳಮುಖವಾಗಿ, ಮೈಗೆ ಒತ್ತಿ ಇರುತ್ತಿತ್ತು. ನನ್ನ ಮೇಜಿಗೆ ಬರುವ ಫ್ಯಾಷನ್ ಕೋಟುಗಳಲ್ಲಿ ಅದು ಹೊರಗಡೆ, ನೋಡುವವರ ಕಡೆಗೆ. ಮುಂಗೈ ಸುತ್ತ, ಕಾಲರಿನ ಮೇಲೆ, ಬ್ಯಾಗಿಗೆ ನೇತುಹಾಕಿದ ಚೆಂಡಿನಲ್ಲಿ. ಬೆಚ್ಚಗಿಡುವ ಕೆಲಸವನ್ನು ಒಳಗಿನ ಪಾಲಿಯೆಸ್ಟರ್ ತೆಪ್ಪಗೆ ಮಾಡುತ್ತಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಟೊಪ್ಪಿಗೆಗೆ ಕಯೋಟಿ ಎಂಬ ತೋಳದಂಥ ಪ್ರಾಣಿಯ ತುಪ್ಪಳ ಬೇಕೇಬೇಕು ಎಂದು ವರ್ಷಗಟ್ಟಲೆ ಸಮರ್ಥಿಸಿಕೊಂಡ ಕೆನಡಾ ಗೂಸ್ ಕಂಪನಿಯೇ 2021ರಲ್ಲಿ ತುಪ್ಪಳ ಬಿಡುವುದಾಗಿ ಹೇಳಿತು. ಅದರ ಜಾಕೆಟ್ ಹಾಕಿಕೊಂಡವರು ಆಮೇಲೆ ಹೆಪ್ಪುಗಟ್ಟಿದ ಸುದ್ದಿಯೇನೂ ಬಂದಿಲ್ಲ.

ಎರಡನೆಯದು, ಅಸಲಿಯಿಲ್ಲದೆ ಸೊಗಸಿಲ್ಲ ಎಂಬುದು. ಇದಕ್ಕೆ ಉತ್ತರ ನಿಮ್ಮವರೇ ಕೊಟ್ಟಿದ್ದಾರೆ. 2017ರಲ್ಲಿ ಗುಚ್ಚಿ, 2019ರಲ್ಲಿ ಪ್ರಾಡಾ, 2021ರಲ್ಲಿ ಗುಚ್ಚಿಯ ಒಡೆತನದ ಕೆರಿಂಗ್ ಸಮೂಹದ ಎಲ್ಲ ಬ್ರ್ಯಾಂಡ್‌ಗಳು ತುಪ್ಪಳ ಬಿಡುವುದಾಗಿ ಘೋಷಿಸಿದವು. 2019ರಿಂದ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರ ಹೊಸ ಉಡುಪುಗಳಲ್ಲಿ ತುಪ್ಪಳ ಬೇಕಾದರೆ ಕೃತಕವನ್ನೇ ಹಾಕತೊಡಗಿದರು. ಅರಮನೆಗೆ ಸಾಕಾದದ್ದು ಅಂಗಡಿಗೆ ಸಾಲದೇ?

ಮೂರನೆಯದು ಗಟ್ಟಿಯಾದ ಆಕ್ಷೇಪ, ನನ್ನನ್ನೂ ಕಾಡಿದ್ದು. ಕೃತಕ ತುಪ್ಪಳ ಪ್ಲಾಸ್ಟಿಕ್. ಅಕ್ರಿಲಿಕ್, ಮೋಡಾಕ್ರಿಲಿಕ್, ಪಾಲಿಯೆಸ್ಟರ್ ಎಲ್ಲವೂ ಪೆಟ್ರೋಲಿಯಂನಿಂದ ಬಂದವು. ಒಗೆದಾಗ ಎಳೆ ಉದುರುತ್ತವೆ. ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ ಆರು ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಸೇರಬಹುದು. ಕಸದ ಗುಂಡಿಯಲ್ಲಿ ಅದು ಕೊಳೆಯುವುದಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಕೃತಕವನ್ನು ಹೊಗಳಿದರೆ ನಾನೂ ಆ ಲೇಬಲ್‌ನವರ ಸಾಲಿಗೇ ಸೇರುತ್ತೇನೆ.

ಆದರೂ ಎರಡು ಮಾತಿದೆ. ಪ್ರಾಣಿಯ ಚರ್ಮ ಕೋಟಾಗುವುದು ಪ್ರಕೃತಿಯ ಕೈಯಿಂದ ನೇರವಾಗಿ ಬಂದಲ್ಲ. ಹಾಗೇ ಬಿಟ್ಟರೆ ಅದು ಕೊಳೆಯುತ್ತದೆ. ಕೊಳೆಯದಿರಲಿ ಎಂದು ಪಟಿಕದ ಲವಣ, ಫಾರ್ಮಾಲ್ಡಿಹೈಡ್, ಕ್ರೋಮಿಯಂ ಮುಂತಾದವುಗಳಲ್ಲಿ ಹದ ಮಾಡುತ್ತಾರೆ, ಆಮೇಲೆ ಬಣ್ಣ. ತುಪ್ಪಳ ಧರಿಸುವುದು ಪರಿಸರಸ್ನೇಹಿ ಎಂದ ಜಾಹೀರಾತನ್ನು ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರ 2012ರಲ್ಲಿ ತಡೆಯಿತು. ಮಿಂಕ್ ಮಾಂಸಾಹಾರಿ. ಒಂದು ಕಿಲೋ ತುಪ್ಪಳಕ್ಕೆ ಹನ್ನೊಂದಕ್ಕೂ ಹೆಚ್ಚು ಮಿಂಕ್, ಅವಕ್ಕೆ ಒಟ್ಟು 563 ಕಿಲೋ ಆಹಾರ ಎಂದು ನೆದರ್ಲೆಂಡ್ಸ್‌ನ ಸಿಇ ಡೆಲ್ಫ್ಟ್ ಸಂಸ್ಥೆ 2011ರಲ್ಲಿ ಲೆಕ್ಕ ಕೊಟ್ಟಿತು. ಆ ಅಧ್ಯಯನ ಮಾಡಿಸಿದ್ದು ಪ್ರಾಣಿದಯಾ ಸಂಘಟನೆಗಳು ಎಂಬುದನ್ನೂ ಹೇಳಿಬಿಡುತ್ತೇನೆ, ತೂಗಿ ನೋಡುವುದು ನಿಮಗೆ ಬಿಟ್ಟದ್ದು. ಇನ್ನೊಂದು ಮಾತು, ಜಾಕೆಟ್ಟಿನ ಹೊರಬಟ್ಟೆ ನೈಲಾನ್, ಲೈನಿಂಗ್ ಪಾಲಿಯೆಸ್ಟರ್, ಜಿಪ್ಪಿನ ಹಲ್ಲು ಪ್ಲಾಸ್ಟಿಕ್. ಅಷ್ಟನ್ನೂ ಒಪ್ಪಿ, ಅಂಗೈಯಗಲದ ಅಂಚಿನ ಪಟ್ಟಿ ಬಂದಾಗ ಮಾತ್ರ ಸಮುದ್ರದ ಮೀನು ನೆನಪಾಗುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಾದರೆ ಮಾಡುವುದೇನು? ಕೃತಕವನ್ನು ಚೆನ್ನಾಗಿ ಮಾಡಿ. ಇದು ನನ್ನ ಕಸುಬಿನೊಳಗಿನ ಮಾತು, ಕೇಳಿ. ಒಳ್ಳೆಯ ಕೃತಕ ತುಪ್ಪಳವನ್ನು ದುಂಡು ಹೆಣಿಗೆ ಯಂತ್ರದಲ್ಲಿ ಮಾಡುತ್ತಾರೆ. ಬಟ್ಟೆ ಹೆಣೆಯುತ್ತಿರುವಾಗಲೇ ಹಿಂಜಿದ ನಾರಿನ ಎಳೆಗಳು ಕುಣಿಕೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಯಿಸಿದಾಗ ಕುಗ್ಗುವ ನಾರು ಒಂದಷ್ಟು, ಕುಗ್ಗದ ನಾರು ಒಂದಷ್ಟು ಬೆರೆಸಿರುತ್ತಾರೆ. ಕುಗ್ಗಿದ್ದು ಒಳಗಿನ ಮೆತ್ತನೆಯ ರೋಮವಾಗುತ್ತದೆ, ಕುಗ್ಗದ್ದು ಮೇಲಿನ ಉದ್ದ ಕೂದಲಾಗುತ್ತದೆ. ಬೆನ್ನಿಗೆ ಅಂಟು ಬಳಿದು ಎಳೆ ಭದ್ರ ಮಾಡುತ್ತಾರೆ. ಈ ಬೆನ್ನಿನ ಕೆಲಸದಲ್ಲಿ ಉಳಿತಾಯ ಮಾಡಿದ ಮಾಲು ಒಂದೇ ಚಳಿಗಾಲದಲ್ಲಿ ಬೋಳಾಗುತ್ತದೆ. ನನ್ನ ಮೇಜಿನ ಕೆಳಗೆ ಬೀಳುವ ಗೊಂಚಲು ನೋಡಿಯೇ ಯಾವ ದರ್ಜೆಯದೆಂದು ಹೇಳಬಲ್ಲೆ.

ಕತ್ತರಿಸುವಾಗ ಕತ್ತರಿಯನ್ನು ಕೂದಲ ಮೇಲೆ ಹಾಯಿಸಬಾರದು, ಬೆನ್ನಿನ ಕಡೆಯಿಂದ ಬ್ಲೇಡಿನಲ್ಲಿ ಬಟ್ಟೆಯನ್ನಷ್ಟೇ ಸೀಳಬೇಕು. ಅಸಲಿ ಚರ್ಮ ಕತ್ತರಿಸುವವರೂ ಹೀಗೇ ಮಾಡುತ್ತಾರೆ. ಕೂದಲ ಹರಿವು ಕೆಳಮುಖವಾಗಿರಬೇಕು. ಹೊಲಿದ ಮೇಲೆ ಹೊಲಿಗೆಯೊಳಗೆ ಸಿಕ್ಕಿಕೊಂಡ ಎಳೆಗಳನ್ನು ದಬ್ಬಣದ ತುದಿಯಿಂದ ಒಂದೊಂದಾಗಿ ಎತ್ತಿ ಬಾಚಿದರೆ ಜೋಡಣೆ ಎಲ್ಲಿದೆ ಎಂದು ನನಗೇ ಸಿಗುವುದಿಲ್ಲ. ಅದು ಕೊಡುವ ಖುಷಿ ಬೇರೆಯೇ. ಆದರೆ ಅವಸರದ ಕಾರ್ಖಾನೆಯಲ್ಲಿ ಇದಕ್ಕೆ ವೇಳೆ ಯಾರು ಕೊಡುತ್ತಾರೆ? ಕೊಡಿ. ಅಂಚನ್ನು ಗುಂಡಿ ಹಾಕಿ ಬಿಚ್ಚುವಂತೆ ಮಾಡಿ. ಆಗ ಜಾಕೆಟ್ ಒಗೆಯುವಾಗಲೆಲ್ಲ ಅದು ನೀರಿಗೆ ಬೀಳಬೇಕಿಲ್ಲ, ಎಳೆಯೂ ಉದುರಬೇಕಿಲ್ಲ. ಕಲೆಯಾದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಚಿದರೆ ಸಾಕು. ಇಸ್ತ್ರಿ ತಾಗಿಸಬಾರದು, ಬಿಸಿಗಾಳಿಯ ಡ್ರೈಯರ್‌ಗೆ ಹಾಕಬಾರದು, ತುದಿ ಕರಗಿ ಸುಕ್ಕಾಗುತ್ತದೆ. ಇದನ್ನೂ ಲೇಬಲ್‌ನಲ್ಲೇ ಬರೆಯಿರಿ. ಸಸ್ಯಮೂಲದ ಅಂಶ ಬೆರೆಸಿದ ಕೃತಕ ತುಪ್ಪಳಗಳು ಈಗ ಬರುತ್ತಿವೆ. 2019ರಲ್ಲಿ ಬಂದ 'ಕೋಬಾ' ಎಂಬುದರಲ್ಲಿ ಅದು ಶೇ. 37ರವರೆಗೆ ಇದೆ. ಮಿಕ್ಕಿದ್ದು ಇನ್ನೂ ಪ್ಲಾಸ್ಟಿಕ್ಕೇ, ಅದನ್ನೂ ಹೇಳಬೇಕು. ಮತ್ತೆ, ಅಂಚೇ ಇಲ್ಲದ ಟೊಪ್ಪಿಗೆಯೂ ಟೊಪ್ಪಿಗೆಯೇ.

ಅಜ್ಜಿಯ ಕಾಲದ ಮಿಂಕ್ ಕೋಟು ತಂದು ಏನು ಮಾಡಲಿ ಎಂದು ಕೇಳುವವರಿದ್ದಾರೆ. ನಾನು ಲೈನಿಂಗ್ ಹಾಕಿಕೊಡುತ್ತೇನೆ. ಸತ್ತದ್ದು ಸತ್ತಾಗಿದೆ, ಕಸಕ್ಕೆ ಎಸೆದರೆ ಯಾರಿಗೂ ಉಪಕಾರವಿಲ್ಲ. ಹೊಸ ಚರ್ಮ ತಂದು ಕಾಲರ್ ಮಾಡಿಕೊಡಿ ಎಂದರೆ ಮಾತ್ರ ಕೈಮುಗಿಯುತ್ತೇನೆ. ಇದರಲ್ಲಿ ಸ್ವಲ್ಪ ಎಡಬಿಡಂಗಿತನ ಇದೆ ಎಂದು ಬೈದವರಿದ್ದಾರೆ, ಇರಲಿ.

ಶಾಸನ ಮಾಡುವವರಿಗೆ ಇನ್ನೊಂದು ಪ್ರಶ್ನೆ. ಇಂಗ್ಲೆಂಡ್ ಮತ್ತು ವೇಲ್ಸ್ 2000ದ ಕಾಯ್ದೆಯಿಂದ ತುಪ್ಪಳದ ಸಾಕಾಣಿಕೆ ನಿಲ್ಲಿಸಿದವು. ಆಸ್ಟ್ರಿಯಾ, ನಾರ್ವೆ, ಇಟಲಿ, ಐರ್ಲೆಂಡ್ ಹೀಗೆ ಪಟ್ಟಿ ಬೆಳೆಯುತ್ತಿದೆ. ಸಂತೋಷ. ಆದರೆ ನಿಮ್ಮಲ್ಲಿ ಬಹಳಷ್ಟು ಕಡೆ ಪಂಜರ ನಿಷಿದ್ಧ, ಆ ಪಂಜರದಿಂದ ಬಂದ ಮಾಲಿಗೆ ಮಾತ್ರ ಬಂದರಿನಲ್ಲಿ ಸ್ವಾಗತ. ನಮ್ಮ ಹಿತ್ತಲಲ್ಲಿ ಬೇಡ, ಬೇರೆಯವರ ಹಿತ್ತಲಲ್ಲಿ ಕೊಂದು ತಂದರೆ ಅಡ್ಡಿಯಿಲ್ಲ ಎಂಬ ಲೆಕ್ಕ ಇದು. ಇಸ್ರೇಲ್ 2021ರಲ್ಲಿ ಫ್ಯಾಷನ್ನಿಗಾಗಿ ತುಪ್ಪಳ ಮಾರುವುದನ್ನು ನಿಷೇಧಿಸಿತು, ಧಾರ್ಮಿಕ ಉಡುಪಿಗೆ ವಿನಾಯಿತಿ ಇಟ್ಟುಕೊಂಡು. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿ 1ರಿಂದ ಹೊಸ ತುಪ್ಪಳ ಮಾರುವಂತಿಲ್ಲ. ಭಾರತ 2017ರಲ್ಲಿ ಮಿಂಕ್, ನರಿ, ಚಿಂಚಿಲ್ಲಾಗಳ ತುಪ್ಪಳದ ಆಮದನ್ನು ತಡೆಯಿತು. ತುಪ್ಪಳಮುಕ್ತ ಯುರೋಪ್ ಬೇಕೆಂದು ಅಲ್ಲಿನ 15 ಲಕ್ಷಕ್ಕೂ ಹೆಚ್ಚು ನಾಗರಿಕರು ಸಹಿ ಹಾಕಿ 2023ರಲ್ಲಿ ಯುರೋಪಿಯನ್ ಕಮಿಷನ್‌ಗೆ ಕೊಟ್ಟರು. ಮಾರಾಟದ ನಿಷೇಧಕ್ಕೆ ಇನ್ನಷ್ಟು ವರ್ಷ ಬೇಕು ಎನ್ನುತ್ತೀರಾದರೆ, ಲೇಬಲ್‌ಗೆ ಎಷ್ಟು ವರ್ಷ ಬೇಕು?

ನನ್ನ ಬೇಡಿಕೆ ಒಂದು ಬೆರಳುದ್ದದ ಪಟ್ಟಿಯಲ್ಲಿ ಹಿಡಿಸುತ್ತದೆ. ಪ್ರಾಣಿಯ ತುಪ್ಪಳ ಒಂದು ಚೂರಿದ್ದರೂ ಪ್ರಾಣಿಯ ಹೆಸರು ಬರೆಯಿರಿ, ನಾಯಿಯಾದರೆ ನಾಯಿ ಎಂದೇ. ಯಾವ ದೇಶದ್ದು, ಪಂಜರದಲ್ಲಿ ಸಾಕಿದ್ದೋ ಕಾಡಿನಲ್ಲಿ ಬೋನಿಟ್ಟು ಹಿಡಿದದ್ದೋ ಬರೆಯಿರಿ. ಕೊಳ್ಳುವವರು ಓದುವ ಭಾಷೆಯಲ್ಲಿ ಬರೆಯಿರಿ. ಕೃತಕ ಎಂದು ಬರೆದರೆ, ಬರೆಯುವ ಮುಂಚೆ ನಿಮ್ಮ ಗೋದಾಮಿನಲ್ಲೇ ಒಬ್ಬರು ಒಂದು ಹೊಲಿಗೆ ಬಿಚ್ಚಿ ನೋಡಲಿ. ಎರಡು ನಿಮಿಷದ ಕೆಲಸ.

ಆ ಹುಡುಗಿ ಅಂಚು ಬೇಡವೆಂದಳು. ಟೊಪ್ಪಿಗೆಯ ಬಾಯಿ ಮಡಿಸಿ ಹೊಲಿದು, ಒಳಗೆ ಒಂದು ಎಲಾಸ್ಟಿಕ್ ದಾರ ಓಡಿಸಿ ಕೊಟ್ಟೆ. ಕಟ್ಟಿಕೊಂಡು ನೋಡಿ, "ಮುಂಚಿಗಿಂತ ಗಾಳಿ ಕಡಿಮೆ ನುಗ್ಗತ್ತೆ" ಅಂದಳು. ಹಳೆಯ ಲೇಬಲ್‌ನಲ್ಲಿ 'ಅಂಚು ಅಕ್ರಿಲಿಕ್' ಎಂಬ ಸಾಲನ್ನು ಮಾತ್ರ ಕತ್ತರಿಸಿ ತೆಗೆಯಿರಿ ಎಂದು ಕೇಳಿದಳು, ತೆಗೆದೆ. ಹನ್ನೊಂದು ತುಂಡಿನ ಆ ಪಟ್ಟಿ ನನ್ನ ಡ್ರಾಯರ್‌ನಲ್ಲಿದೆ. ಅದಕ್ಕೊಂದು ಚೀಟಿ ಕಟ್ಟಿ 'ನಿಜವಾದ ತುಪ್ಪಳ' ಎಂದು ಬರೆದು, ಪ್ರಾಣಿಯ ಹೆಸರಿಗೆ ಜಾಗ ಬಿಟ್ಟಿದ್ದೇನೆ.

ಇಂತಿ,
ಹೊಲಿಗೆ ಬಿಚ್ಚುವ ಕೆಲಸದವಳು